ಎರಡನೆಯ ಈಡು

ಆ ಸೀಮೆಯಲ್ಲಿ ಮಗು ಹುಟ್ಟಿದರೆ ಕೋವಿಯಿಂದ ಒಂದು ಈಡು, ಯಾರಾದರೂ ಸತ್ತರೆ ಎರಡು. ಸದ್ದು ಎಣಿಸಿಯೇ ಜನ ನಗಬೇಕೋ ಅಳಬೇಕೋ ತಿಳಿದುಕೊಳ್ಳುತ್ತಿದ್ದರು.

ಆ ಕೋವಿಗೆ ಹಾಕುವ ತೋಟೆಗೆ ಮದ್ದು ತುಂಬುತ್ತಿದ್ದವರು ಹೊಳೆದಂಡೆಯ ಕುಟ್ಟಯ್ಯ ಗುರುಗಳು. ಶಿಷ್ಯ ಮೊಣ್ಣಪ್ಪ ಮೂರು ವರ್ಷದಿಂದ ಬರೀ ತೋಟೆಗೆ ಬೇಕಾದ ಕೊಬ್ಬು ಕಾಯಿಸಿಕೊಂಡಿದ್ದ.

ಒಂದು ಬೆಳಿಗ್ಗೆ ಗುರುಗಳು ಕರೆದರು.

"ಎರಡು ತೋಟೆ ತುಂಬು. ಈ ಸಲ ನಿನ್ನ ಕೈಯಿಂದಲೇ ಆಗಲಿ."

"ಯಾರು ತೀರಿಕೊಂಡರು?"

"ಇನ್ನೂ ಇಲ್ಲ. ನಾಳೆ ಮಧ್ಯಾಹ್ನ, ನಾನು."

ಗುರುಗಳು ತಮಾಷೆಗೂ ಸುಳ್ಳು ಹೇಳಿದವರಲ್ಲ.

"ತುಂಬುವ ಕ್ರಮ ಹೇಳು," ಎಂದರು.

"ಮೊದಲು ಕರಿಮದ್ದು. ಮೇಲೆ ಒಣ ರಟ್ಟು. ಅದರ ಮೇಲೆ ಮೇಣವೂ ಕೊಬ್ಬೂ ಉಣಿಸಿದ ಕಂಬಳಿ ಬಿಲ್ಲೆ."

"ಬಿಲ್ಲೆ ಯಾಕೆ?"

"ಮೊದಲ ಈಡಿನ ಮಸಿ ನಳಿಗೆಯಲ್ಲಿ ಗಟ್ಟಿಯಾಗಬಾರದು. ಎರಡನೆಯದಕ್ಕೆ ದಾರಿ ಬೇಕು."

"ರಟ್ಟು?"

"ಜಿಡ್ಡು ತಾಗಿದರೆ ಮದ್ದು ಸಾಯುತ್ತೆ."

"ಬಾಯಿಪಾಠ ಚೆನ್ನಾಗಿದೆ. ಕೈ ಏನು ಹೇಳುತ್ತೋ ನೋಡೋಣ."

ಮೊದಲ ತೋಟೆ ಸರಿಯಾಗಿ ತುಂಬಿದ. ಎರಡನೆಯದಕ್ಕೆ ರಟ್ಟು ಎತ್ತಿಕೊಂಡವನು ಕೆಳಗಿಟ್ಟ. ಗುರುಗಳ ಕೊನೆಯ ಈಡು ಮಸಿಗೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಎಂಬ ಭಯ. ಜಿಡ್ಡು ಹೆಚ್ಚಾದಷ್ಟೂ ಒಳ್ಳೆಯದು ಅಂದುಕೊಂಡ. ರಟ್ಟು ಬಿಟ್ಟು, ಆ ಜಾಗಕ್ಕೂ ಒಂದು ಬಿಲ್ಲೆ ತುರುಕಿದ.

ಮರುದಿನ ಮಧ್ಯಾಹ್ನ ಗುರುಗಳು ಹೊಳೆಯ ಮರಳಿನ ಮೇಲೆ ಮಲಗಿದರು. ಮೊಣ್ಣಪ್ಪ ಅವರ ಮೂಗಿಗೆ ಅಂಗೈ ಹಿಡಿದ. ಉಸಿರಿರಲಿಲ್ಲ. ಅವನು ಗಟ್ಟಿಯಾಗಿ ಅತ್ತ.

ಆಮೇಲೆ ಕೋವಿಯನ್ನು ಆಕಾಶಕ್ಕೆ ಹಿಡಿದು ಮೊದಲ ಈಡು ಹಾರಿಸಿದ. ಎದುರು ದಡದ ಕೊಕ್ಕರೆಗಳೆಲ್ಲ ಎದ್ದವು.

ಎರಡನೆಯ ತೋಟೆ ಹಾಕಿ ಎಳೆದರೆ ಟಿಕ್ ಎಂದಿತು, ಅಷ್ಟೇ. ತಡವಾಗಿ ಸಿಡಿದೀತೆಂದು ನಳಿಗೆ ಇಳಿಸದೆ ಕಾದ. ಎದ್ದ ಹಕ್ಕಿಗಳು ಒಂದೊಂದಾಗಿ ಮರಳಿ ಕೂತವು.

ಎದುರು ದಡದಲ್ಲಿ ಒಬ್ಬ ಹೆಂಗಸು ಜೋಗುಳ ಎತ್ತಿಕೊಂಡಳು. ಇನ್ನೊಬ್ಬಳು ದನಿಗೂಡಿಸಿದಳು.

ಮರಳಿನ ಮೇಲೆ ಗುರುಗಳ ಕಣ್ಣು ತೆರೆಯಿತು.

"ಒಂದೇ ಕೇಳಿಸಿತು," ಎಂದರು.

ಮೊಣ್ಣಪ್ಪ ಓಡಿಬಂದು ಕಾಲು ಹಿಡಿದ. ಹೊಳೆಯೊಳಗಿನ ಕಲ್ಲಿನ ಹಾಗೆ ತಣ್ಣಗಿತ್ತು.

"ಬದುಕಿದಿರಲ್ಲ ಗುರುಗಳೇ!"

"ಮೂಗಿಗೆ ಕೈ ಹಿಡಿದು ನೋಡು."

ಹಿಡಿದ. ಆಗಲೂ ಉಸಿರಿರಲಿಲ್ಲ.

"ನಡುದಾರಿಯಲ್ಲಿ ನಿಂತಿದ್ದೇನೆ ಮಗಾ. ನನಗಿಂತ ಮುಂಚೆ ಸತ್ತುಹೋದವರು ಒಂದು ಕೈ ಹಿಡಿದಿದ್ದಾರೆ. ಈ ಜೋಗುಳ ಇನ್ನೊಂದನ್ನು ಬಿಡ್ತಿಲ್ಲ."

"ನಿಮ್ಮ ಮೇಲಿನ ಪ್ರೀತಿಗೇ ಇನ್ನೊಂದು ಬಿಲ್ಲೆ ಹಾಕಿದೆ."

"ಗೊತ್ತು."

"ಹೀಗೇ ಇದ್ದುಬಿಡಿ. ನಾನು ನೋಡಿಕೊಳ್ತೇನೆ."

ಜೋಗುಳ ಹತ್ತಿರವಾಗುತ್ತಿತ್ತು. ದೋಣಿಯಲ್ಲಿ ಯಾರೋ ತೊಟ್ಟಿಲು ತರುತ್ತಿದ್ದರು.

ಗುರುಗಳು ತಣ್ಣನೆಯ ಬೆರಳಿಂದ ಅವನ ಕಣ್ಣೊರೆಸಿದರು.

"ಇನ್ನೊಂದು ತುಂಬು. ನಡುವೆ ರಟ್ಟು ಇರಲಿ."