ಸುಟ್ಟ ಫೋನಿನ ವಾರಸುದಾರ

ದಾವಣಗೆರೆಯಲ್ಲಿ ಚುಕ್ಕಿ ಮೊಬೈಲ್ ಕಂಪನಿಯ ರಿಪೇರಿ ಅಂಗಡಿಯೊಂದಿತ್ತು. ಅಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದವಳು ಶಕೀಲಾ. ಒಂದು ಬೆಳಿಗ್ಗೆ ಎದುರಾಳಿ ಕಂಪನಿಯಾದ ದೀಪ್ತಿಯ ಯಜಮಾನ ಪಡಿವಾಳರು ವಕೀಲರನ್ನು ಕಟ್ಟಿಕೊಂಡು ಒಳಗೆ ನುಗ್ಗಿದರು.

"ಈ ಚುಕ್ಕಿ ಫೋನು ನಮ್ಮದರ ನಕಲು! ಮೂಲೆಯ ದುಂಡು, ಬೆನ್ನಿನ ಹೊಳಪು, ಎಲ್ಲ ನಮ್ಮ ತಲೆಯಿಂದ ಕದ್ದದ್ದು. ಹಾಗಂತ ಬರೆದು ಸಹಿ ಹಾಕಮ್ಮ. ಇವತ್ತೇ ಅಂಗಡಿಗೆ ಬೀಗ ಹಾಕಿಸ್ತೀನಿ!"

ಬೀಗ ಬಿದ್ದರೆ ಶಕೀಲಾಳ ಕೆಲಸವೂ ಹೋದಂತೆಯೇ. ಅವಳು ಬೆಂಚಿನ ಕಡೆ ನೋಡಿದಳು. ಅಲ್ಲಿ ಸುಟ್ಟ ಚುಕ್ಕಿ ಫೋನು ಹಿಡಿದವರು ಮುಖ ಊದಿಸಿಕೊಂಡು ಕೂತಿದ್ದರು.

"ಒಳಗಿನದೂ ನಿಮ್ಮದೇನಾ ಸಾರ್?"

"ಎಲ್ಲ ನಮ್ಮದೇ! ಒಂದು ಸ್ಕ್ರೂ ಕೂಡ ಬಿಟ್ಟಿಲ್ಲ!"

"ಎಲ್ರೂ ಬನ್ರಪ್ಪಾ," ಎಂದು ಶಕೀಲಾ ಕೂಗಿದಳು. "ಇದನ್ನ ಮಾಡಿದ ಸಾಹೇಬ್ರೇ ಬಂದಿದಾರೆ. ಏನಿದ್ರೂ ಅವರನ್ನೇ ಕೇಳಿ."

ಬೆಂಚು ಖಾಲಿಯಾಯಿತು.

"ಫೋನು ಮಾಡಿದೀರೋ, ಇಸ್ತ್ರಿಪೆಟ್ಟಿಗೆನೋ?" ಒಬ್ಬ ತನ್ನ ಸುಟ್ಟ ಜೇಬು ತೋರಿಸಿದ.

"ಮೊಮ್ಮಗಳ ಮದುವೆ ಫೋಟೋ ಎಲ್ಲ ಹೋಯ್ತಲ್ಲೋ ಪುಣ್ಯಾತ್ಮ!" ಅಜ್ಜಿಯೊಬ್ಬಳು ಪಡಿವಾಳರ ಕೋಟನ್ನೇ ಹಿಡಿದಳು.

ಪಡಿವಾಳರು ಬೆವರಿದರು. "ಅಯ್ಯೋ, ಇದು ನಮ್ಮದಲ್ಲ ಕಣ್ರೀ! ನಮ್ಮ ಫೋನಿನ ಮೂಲೆ ಬೇರೆ, ಬೆನ್ನು ಬೇರೆ, ಒಳಗಿನದಂತೂ ಪೂರ್ತಿ ಬೇರೆ! ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ!"

ಶಕೀಲಾ ಪೆನ್ನು ಮುಂದೆ ಹಿಡಿದಳು. "ಹಾಗಂತ ಬರೆದು ಸಹಿ ಹಾಕಿ ಸಾರ್. ಇವರನ್ನೆಲ್ಲ ವಾಪಸ್ ಕೂರಿಸ್ತೀನಿ."

ಅಜ್ಜಿ ಕೋಟು ಬಿಟ್ಟಿರಲಿಲ್ಲ. ವಕೀಲರು ತಡೆಯುವಷ್ಟರಲ್ಲಿ ಸಹಿ ಬಿದ್ದಾಗಿತ್ತು.