ಇಟ್ಟಿಗೆಯವನ ಸಂಖ್ಯೆ

ಶಿಷ್ಯ ಅಡವೆಪ್ಪ ಕೇಳಿದ: "ಗುರುಗಳೇ, ಹತ್ತಿರದವನೊಬ್ಬನ ಮಾತು ಸುಳ್ಳೆಂದು ನಾವೇ ಪರೀಕ್ಷಿಸಿ ಕಂಡುಕೊಂಡ ಮೇಲೆ ಅವನನ್ನು ಬಿಟ್ಟುಬಿಡುವುದು ತಪ್ಪೇ?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕುಲುಮೆ ಕಟ್ಟುವ ಮೇಸ್ತ್ರಿಯೊಬ್ಬನಿದ್ದ. ಬಳೆ ಮಾಡುವವರು ಗಾಜು ಕರಗಿಸಬೇಕಾದರೂ ಕಂಚುಗಾರರು ಕಂಚು ಕರಗಿಸಬೇಕಾದರೂ ಅವನನ್ನೇ ಕರೆಸುತ್ತಿದ್ದರು. ಅವನಿಗೊಬ್ಬ ಗೆಳೆಯ. ಜೇಡಿಮಣ್ಣಿಗೆ ಮರದ ಹೊಟ್ಟು ಕಲಸಿ ಇಟ್ಟಿಗೆ ಸುಡುವುದು ಆ ಗೆಳೆಯನ ಕಸುಬು. ಸುಡುವಾಗ ಹೊಟ್ಟು ಉರಿದುಹೋಗಿ ಇಟ್ಟಿಗೆಯ ಮೈತುಂಬ ಸಣ್ಣ ಸಣ್ಣ ತೂತುಗಳು ಉಳಿಯುತ್ತಿದ್ದವು. ಅಂಥ ಇಟ್ಟಿಗೆ ಶಾಖವನ್ನು ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ಎಷ್ಟು ಬಿಡುತ್ತದೆ ಎಂಬುದಕ್ಕೆ ಒಂದು ಸಂಖ್ಯೆ ಉಂಟು, ಅದನ್ನು ಉಷ್ಣವಾಹಕತೆ ಎನ್ನುತ್ತಾರೆ. ಸಂಖ್ಯೆ ಸಣ್ಣದಾದಷ್ಟೂ ಕುಲುಮೆಗೆ ಒಳ್ಳೆಯದು. ಗೆಳೆಯ ತನ್ನ ಇಟ್ಟಿಗೆಯದು ೦.೧೨ ಎನ್ನುತ್ತಿದ್ದ. ಅವನಪ್ಪ ಅಳೆಯುತ್ತಿದ್ದ ರೀತಿಯಲ್ಲೇ ಅವನೂ ಅಳೆಯುತ್ತಿದ್ದ. ಆ ಮಾತನ್ನು ನಂಬಿ ಮೇಸ್ತ್ರಿ ಗೋಡೆ ಎಬ್ಬಿಸುತ್ತಿದ್ದ. ಕೆಲಸವಿದ್ದ ದಿನ ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು.

ಒಮ್ಮೆ ಸಂತೆಯಲ್ಲಿ ಯಾರೋ ಮೇಸ್ತ್ರಿಯನ್ನು ಕೆಣಕಿದರು: "ಅವನು ಹೇಳಿದ, ನೀನು ಕಟ್ಟಿದೆ. ಆ ಇಟ್ಟಿಗೆಯನ್ನು ಒಂದು ಸಲವಾದರೂ ಪರೀಕ್ಷೆ ಮಾಡಿಸಿದ್ದೀಯೇನಯ್ಯಾ?"

ಮಾತು ಮುಳ್ಳಿನಂತೆ ಒಳಗೆ ಮುರಿದುಕೊಂಡಿತು. ಮೇಸ್ತ್ರಿ ಒಂದು ಇಟ್ಟಿಗೆ ಕಟ್ಟಿಕೊಂಡು ನಗರದ ಪರೀಕ್ಷಾಲಯಕ್ಕೆ ಹೋದ. ಅಲ್ಲಿದ್ದ ಹೆಣ್ಣುಮಗಳು ಇಟ್ಟಿಗೆಯನ್ನು ಕಾಯಿಸಿ, ಅಳೆದು, ೦.೧೪ ಎಂದಳು. ಯಾವ ಅಳತೆಯಲ್ಲಿ ಎಂಬುದನ್ನೂ ಹೇಳಿದಳು. ಮೇಸ್ತ್ರಿಯ ಕಿವಿಗೆ ಬಿದ್ದದ್ದು ಸಂಖ್ಯೆ ಮಾತ್ರ.

ಹಿಂತಿರುಗುವಾಗ ಗೆಳೆಯನ ಮನೆ ದಾರಿಯಲ್ಲೇ ಸಿಕ್ಕಿತು. ಗೆಳೆಯ ಜಗಲಿಯ ಮೇಲೆ ಕೂತಿದ್ದ. ಮೇಸ್ತ್ರಿ ತಲೆ ತಗ್ಗಿಸಿಕೊಂಡು ಮುಂದೆ ಹೋದ.

ಅಂದಿನಿಂದ ಅವನು ಆ ಇಟ್ಟಿಗೆ ಮುಟ್ಟಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ, "ಹೇಳುವುದೊಂದು, ಇರುವುದೊಂದು. ನಾನೇ ಅಳೆಸಿ ನೋಡಿದ್ದೇನೆ" ಎಂದ. ಕುಲುಮೆ ಕಟ್ಟಿಸುವವರು ಮೇಸ್ತ್ರಿಯ ಮಾತು ಮೀರುವವರಲ್ಲ. ಇಟ್ಟಿಗೆಯವನ ಅಂಗಳದಲ್ಲಿ ಇಟ್ಟಿಗೆ ರಾಶಿ ಹಾಗೇ ಉಳಿಯಿತು. ಅವನು ಏನಾಯಿತೆಂದು ಕೇಳಿಕೊಂಡು ಬಂದಾಗ ಮೇಸ್ತ್ರಿ ಮನೆಯಲ್ಲಿಲ್ಲವೆಂದು ಹೇಳಿಸಿದ. ಕೆಲ ಕಾಲಕ್ಕೆ ಇಟ್ಟಿಗೆಯವನು ಗೂಡು ಆರಿಸಿ, ಹೊಟ್ಟು ಕಲಸುವ ತೊಟ್ಟಿಯನ್ನು ಮುಚ್ಚಿ, ಹೆಂಚು ಮಾಡುವವರ ಬಳಿ ಕೂಲಿಗೆ ಸೇರಿದ.

ಮೇಸ್ತ್ರಿ ಈಗ ಬೇರೊಬ್ಬ ವ್ಯಾಪಾರಿಯಿಂದ ಇಟ್ಟಿಗೆ ತರಿಸಿದ. ವ್ಯಾಪಾರಿ ತನ್ನದು ೦.೧೩ ಎಂದ. ಹದಿನಾಲ್ಕಕ್ಕಿಂತ ಹದಿಮೂರು ಮೇಲಲ್ಲವೇ ಎಂದು ಮೇಸ್ತ್ರಿಗೆ ಸಮಾಧಾನ. ಆದರೆ ಆ ಇಟ್ಟಿಗೆಯ ಕುಲುಮೆ ಹೊತ್ತಿಸಿದಾಗ ಹೊರಗೋಡೆ ಮೊದಲಿಗಿಂತ ಬಿಸಿ ಎನಿಸಿತು. ಹಳೆಯ ಕುಲುಮೆಗಳ ಗೋಡೆಗೆ ಅವನು ಎಷ್ಟೋ ಸಲ ಬೆನ್ನು ಕೊಟ್ಟು ಕೂತಿದ್ದ. ಬಳೆ ಮಾಡುವವನು, "ಸೌದೆ ಮೊದಲಿಗಿಂತ ಹೆಚ್ಚು ಬೇಕಾಗುತ್ತಿದೆ" ಎಂದ.

ಮೇಸ್ತ್ರಿ ಹೊಸ ಇಟ್ಟಿಗೆ ಹೊತ್ತು ಮತ್ತೆ ಪರೀಕ್ಷಾಲಯಕ್ಕೆ ಹೋದ. ಅಳೆದಾಗ ೦.೧೫ ಬಂತು.

"ಹದಿಮೂರು ಅಂದಿದ್ದ. ಇವನೂ ಸುಳ್ಳು ಹೇಳಿದ" ಎಂದ ಮೇಸ್ತ್ರಿ.

"ಅವರು ಯಾವ ಅಳತೆಯಲ್ಲಿ ಹೇಳಿದ್ದು?" ಎಂದು ಅವಳು ಕೇಳಿದಳು.

ಮೇಸ್ತ್ರಿಗೆ ಗೊತ್ತಿರಲಿಲ್ಲ. ಅವಳು ಬೇಸರಿಸದೆ ಬಿಡಿಸಿ ಹೇಳಿದಳು. ಶಾಖವನ್ನು ಹಳೆಯ ಪದ್ಧತಿಯವರು ಗಂಟೆಗೆ ಇಷ್ಟು ಕಿಲೋಕ್ಯಾಲೊರಿ ಎಂದು ಎಣಿಸುತ್ತಾರೆ. ಪರೀಕ್ಷಾಲಯ ವ್ಯಾಟಿನಲ್ಲಿ ಎಣಿಸುತ್ತದೆ. ಮೀಟರು, ಡಿಗ್ರಿ ಎರಡರಲ್ಲೂ ಒಂದೇ. ಹಳೆಯ ಪದ್ಧತಿಯ ಸಂಖ್ಯೆಯನ್ನು ೧.೧೬೩ರಿಂದ ಗುಣಿಸಿದರೆ ಪರೀಕ್ಷಾಲಯದ ಸಂಖ್ಯೆ ಬರುತ್ತದೆ. ಹದಿಮೂರನ್ನು ಗುಣಿಸಿ ತೋರಿಸಿದಳು. ಹದಿನೈದರ ಹತ್ತಿರ ನಿಂತಿತು. ವ್ಯಾಪಾರಿ ಸುಳ್ಳು ಹೇಳಿರಲಿಲ್ಲ.

ಮೇಸ್ತ್ರಿ ಸೀಮೆಸುಣ್ಣ ಕೇಳಿ ಪಡೆದು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತ. ಗೆಳೆಯ ಹೇಳುತ್ತಿದ್ದ ಹನ್ನೆರಡನ್ನು ತಾನೇ ಗುಣಿಸಿದ. ಹದಿನಾಲ್ಕು ಬಂತು. ಕೈತಪ್ಪಿರಬಹುದೆಂದು ಅಳಿಸಿ ಮತ್ತೆ ಗುಣಿಸಿದ. ಹದಿನಾಲ್ಕೇ ಬಂತು. ಆ ಹೆಣ್ಣುಮಗಳು ನೀರು ತಂದುಕೊಟ್ಟದ್ದೂ ಅವನಿಗೆ ತಿಳಿಯಲಿಲ್ಲ.

ಅಲ್ಲಿಂದ ನೇರ ಹೆಂಚಿನ ಅಂಗಳಕ್ಕೆ ಹೋದ. ಗೆಳೆಯ ಹಸಿ ಹೆಂಚು ಬಿಸಿಲಿಗೆ ಜೋಡಿಸುತ್ತಿದ್ದ. ಮೇಸ್ತ್ರಿ ನಿಂತಲ್ಲೇ ಎಲ್ಲವನ್ನೂ ಹೇಳಿದ. ಗೆಳೆಯ ಕೈಯಲ್ಲಿದ್ದ ಹೆಂಚನ್ನು ಇಳಿಸಿ, ಕೊನೆಯವರೆಗೂ ಕೇಳಿಸಿಕೊಂಡ.

"ಲೆಕ್ಕ ಸರಿಹೋಯಿತಲ್ಲ, ಸಂತೋಷ" ಎಂದ. "ಆದರೆ ನನ್ನ ಹೆಸರು ಕೆಟ್ಟ ಊರುಗಳಿಗೆ ಈಗ ಯಾರು ಹೋಗುತ್ತಾರೆ?"

"ನಾನು ಹೋಗುತ್ತೇನೆ" ಎಂದ ಮೇಸ್ತ್ರಿ.

ಹೋದ. ಹಿಂದೆ ಯಾರ ಮುಂದೆ ಮಾತಾಡಿದ್ದನೋ ಅವರ ಮನೆಗಳನ್ನು ಹುಡುಕಿಕೊಂಡು ಹೋಗಿ, ತಾನು ತಪ್ಪು ತಿಳಿದೆನೆಂದು ಹೇಳಿದ. ಕೆಲವರು ತಲೆಯಾಡಿಸಿದರು. ಕೆಲವರು, ಇಬ್ಬರೂ ರಾಜಿಯಾದರೆಂದು ನಕ್ಕರು. ಒಬ್ಬ ಕಂಚುಗಾರ ತೀರಿಕೊಂಡಿದ್ದ. ಅವನ ಮಗನಿಗೆ ಇಟ್ಟಿಗೆಯವನ ಹೆಸರು ಮರೆತಿತ್ತು, ಮೋಸಗಾರ ಎಂಬುದು ಮಾತ್ರ ನೆನಪಿತ್ತು. ಗೆಳೆಯ ಮತ್ತೆ ಆ ಗೂಡಿಗೆ ಬೆಂಕಿ ಹಾಕಲಿಲ್ಲ. ಮೇಸ್ತ್ರಿ ಹೋದಾಗ ಜಗಲಿಯಲ್ಲಿ ಜಾಗ ಕೊಡುತ್ತಿದ್ದ, ಮಾತೂ ಆಡುತ್ತಿದ್ದ. ಇಟ್ಟಿಗೆಯ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಅಡವೆಪ್ಪ ಯೋಚಿಸಿ ಹೇಳಿದ: "ಆ ಮೇಸ್ತ್ರಿಗೆ ಅಳತೆಗಳ ತಿಳಿವಳಿಕೆ ಇರಲಿಲ್ಲ, ಗುರುಗಳೇ. ನಾನು ಎಲ್ಲವನ್ನೂ ಸರಿಯಾಗಿ ತೂಗಿ ನೋಡಿದ್ದೇನೆ. ನನ್ನ ಪರೀಕ್ಷೆಯಲ್ಲಿ ಅಂಥ ತಪ್ಪಿಲ್ಲ."

"ಇರಬಹುದು," ಎಂದರು ಗುರುಗಳು, "ನಿನ್ನ ಆ ಹತ್ತಿರದವನನ್ನು ಒಂದು ಮಾತು ಕೇಳಿದೆಯಾ?"