ಆಮೆಗಳ ಒಪ್ಪಿಗೆ

ಮುನ್ನೂರು ಮುಳ್ಳಿಗೆ ಮೂವತ್ತು ಬುಟ್ಟಿ ಗೆಣಸು ಎಂದು ಮುಳ್ಳುಹಂದಿಯೂ ಆಚೆ ದಡದ ನರಿಯೂ ವ್ಯಾಪಾರ ಕುದುರಿಸಿದ್ದವು. ಆದರೆ ಆಮೆಗಳ ಸಭೆ ಒಪ್ಪದೆ ಒಂದು ಮುಳ್ಳೂ ಹೊಳೆ ದಾಟುವಂತಿರಲಿಲ್ಲ. ಬೇಡ ಎನ್ನುವವರು ಕತ್ತು ಹೊರಗೆ ಚಾಚಬೇಕು, ಒಳಗೆಳೆದುಕೊಂಡರೆ ಒಪ್ಪಿದಂತೆ. ಅದು ಅಲ್ಲಿನ ಪದ್ಧತಿ.

ಆಚೆ ದಡದ ಮರಳಿನಲ್ಲಿ ನಲವತ್ತು ಮೊಟ್ಟೆ ಇಟ್ಟು, ಏಡಿಗಳನ್ನು ಕಾವಲಿಗೆ ಬಿಟ್ಟು ಬಂದಿದ್ದ ತಾಯಿ ಆಮೆಯೊಂದು ಆ ಸಭೆಯಲ್ಲಿತ್ತು. ಅದು ಕತ್ತು ಚಾಚಿ ಕೇಳಿತು: “ಈ ಮುಳ್ಳು ಯಾರನ್ನು ಚುಚ್ಚೋಕೆ, ಸ್ವಾಮಿ?”

“ಆತ್ಮರಕ್ಷಣೆಗೆ, ತಾಯಿ. ಪಾಪ, ನರಿಗೆ ಏಡಿಗಳ ಭಯವಂತೆ. ಬೇಕಾದರೆ ಮಾಲು ನೋಡಿ,” ಎಂದು ಮುಳ್ಳುಹಂದಿ ಮೈ ಕೊಡವಿತು. ಮುಳ್ಳುಗಳು ಗಲಗಲ ಎಂದದ್ದೇ ತಡ, ಉಳಿದ ಕತ್ತುಗಳೆಲ್ಲ ಚಿಪ್ಪಿನೊಳಗೆ ಸೇರಿದವು.

“ಒಂದು ಕತ್ತು ಬಿಟ್ಟು ಎಲ್ಲರ ಒಪ್ಪಿಗೆ!” ಎಂದು ಅಧ್ಯಕ್ಷ ಆಮೆ ಚಿಪ್ಪಿನೊಳಗಿಂದಲೇ ಸಾರಿತು. “ಮುಳ್ಳು ಹೇಗೆ ಬಳಕೆಯಾಯಿತೆಂದು ಆಮೇಲೆ ವಿಚಾರಿಸೋಣ ಬಿಡಮ್ಮ. ನಾವಿರೋದು ಅದಕ್ಕೇ ಅಲ್ಲವೇ?”

ವಾರದೊಳಗೆ ಏಡಿಗಳೆಲ್ಲ ಸತ್ತವು. ವಿಚಾರಣೆಯೂ ನಡೆಯಿತು; ಮುಳ್ಳುಹಂದಿ ಬಂದು ಮತ್ತೊಮ್ಮೆ ಮೈ ಕೊಡವಿ ಹೋಯಿತು. ಕೊನೆಗೆ ಕೂಡಿಸಿ ನೋಡಿದರೆ ಮುಳ್ಳುಹಂದಿಗೆ ಮೂವತ್ತು ಬುಟ್ಟಿ ಗೆಣಸು, ನರಿಗೆ ನಲವತ್ತು ಮೊಟ್ಟೆ, ಸಭೆಗೆ ಒಂದು ಗೀರೂ ಬೀಳದ ಚಿಪ್ಪು.